20 ಮೆಷಿನ್‌ಗೂ ಸೆನ್ಸರ್ ಹಾಕಿಸಬೇಕಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ವಿಎಂಸಿ (ಟೂಲ್ ತಾನೇ ಬದಲಾಯಿಸಿಕೊಂಡು ಲೋಹ ಕೊರೆಯುವ ಮೆಷಿನ್) ಎಲ್ಲ ಸೇರಿ 20 ಮೆಷಿನ್, ಎಲ್ಲಕ್ಕೂ ಗಾಳಿ ಕೊಡೋಕೆ ಒಂದೇ ಸ್ಕ್ರೂ ಕಂಪ್ರೆಸರ್. ಪ್ರತಿ ಮೆಷಿನ್‌ಗೂ ನಡುಕ ಅಳೆಯುವ ಸೆನ್ಸರ್ ಹಾಕಿಸಿ, ಕೆಡೋ ಮೊದಲೇ ಮೊಬೈಲ್‌ಗೆ ಮೆಸೇಜ್ ಬರುತ್ತೆ, ತಿಂಗಳಿಗೆ ಇಷ್ಟು ಕಟ್ಟಿ ಅಂತ ಒಂದು ಕಂಪನಿಯವರು ಹಿಂದೆ ಬಿದ್ದಿದ್ದಾರೆ. ನಮ್ಮ ಫಿಟ್ಟರ್ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಿಯೇ ಬೇರಿಂಗ್ ಹೋಗುತ್ತಿದೆ ಅಂತ ಹೇಳುತ್ತಾರೆ. ಅಷ್ಟು ಸಾಲದಾ?

ಉತ್ತರ (ಮೆಂಟೆನೆನ್ಸ್ ಎಂಜಿನಿಯರ್): ಇಪ್ಪತ್ತಕ್ಕೂ ಈಗಲೇ ಬೇಡ. ಕಂಪ್ರೆಸರ್ ಒಂದಕ್ಕೆ ಹಾಕಿಸಿ. ಒಂದು ಲೇತ್ ನಿಂತರೆ ಕೆಲಸ ಪಕ್ಕದ ಲೇತ್‌ಗೆ ಹೋಗುತ್ತದೆ, ಆದರೆ ಗಾಳಿ ನಿಂತರೆ ವಿಎಂಸಿಯಲ್ಲಿ ಟೂಲ್ ಕೂಡ ಬದಲಾಗುವುದಿಲ್ಲ, ಇಡೀ ಶಾಪ್ ಕೈಕಟ್ಟಿ ಕೂರಬೇಕು, ಅಲ್ವಾ?

ನಿಮ್ಮ ಫಿಟ್ಟರ್ ಕಿವಿ ಚೆನ್ನಾಗಿದೆ, ಅವರನ್ನು ಬಿಡಬೇಡಿ. ಆದರೆ ಕಿವಿಗೆ ಕೇಳಿಸುವಷ್ಟು ಸದ್ದು ಬರುವ ಹೊತ್ತಿಗೆ ಬೇರಿಂಗ್ ಬಹುಪಾಲು ಸವೆದಿರುತ್ತದೆ. ಸಣ್ಣ ಮೋಟರ್‌ಗಳಲ್ಲಿ ಮಾಮೂಲಾಗಿ ಇರುವ 6205 ಬೇರಿಂಗ್ ತಗೊಳ್ಳಿ. ಒಳಗೆ 9 ಬಾಲ್. ಮೋಟರ್ ನಿಮಿಷಕ್ಕೆ 1440 ಸುತ್ತು ತಿರುಗುವಾಗ ಹೊರಗಿನ ರೇಸ್‌ನಲ್ಲಿ (ಬಾಲ್‌ಗಳು ಉರುಳುವ ಹೊರಬಳೆ) ಒಂದು ಸಣ್ಣ ಚಕ್ಕೆ ಎದ್ದಿದ್ದರೆ ಸೆಕೆಂಡಿಗೆ ಸುಮಾರು 86 ಪೆಟ್ಟು ಬೀಳುತ್ತವೆ. ಶುರುವಿನಲ್ಲಿ ಆ ಪೆಟ್ಟು ತುಂಬಾ ಸಣ್ಣದು, ಆದರೆ ಒಂದೊಂದು ಪೆಟ್ಟಿಗೂ ಲೋಹ ಗಂಟೆಯಂತೆ ಝಣಗುಟ್ಟುತ್ತದೆ, ಆ ನಡುಕ ಸಾವಿರಾರು ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಅಷ್ಟು ಸಲ) ಮಾತ್ರ ಸಿಗುತ್ತದೆ. ಆದ್ದರಿಂದ ಆ ಕಂಪನಿಯವರನ್ನು ಕೇಳಬೇಕಾದ ಮೊದಲ ಮಾತು, ನಿಮ್ಮ ಸೆನ್ಸರ್ ಎಷ್ಟು ಹರ್ಟ್ಜ್‌ವರೆಗೆ ಅಳೆಯುತ್ತದೆ ಅಂತ. 1000ಕ್ಕೇ ನಿಂತರೆ ಅಲೈನ್‌ಮೆಂಟ್ ತಪ್ಪಿದ್ದು, ಫೌಂಡೇಶನ್ ಬೋಲ್ಟ್ ಸಡಿಲವಾದದ್ದು ಸಿಗುತ್ತದೆ, ಬೇರಿಂಗ್‌ನ ಮೊದಲ ಏಟು ಸಿಗುವುದು ಕಷ್ಟ.

ಇನ್ನೊಬ್ಬರ ಪ್ರಶ್ನೆ: ನಾವು ವಿಎಂಸಿಗಳಿಗೆ ಹಾಕಿಸಿದೆವು ಸರ್. ದಿನಾ ಸುಮ್ನೆ ಅಲಾರಂ. ಕೊನೆಗೆ ಹುಡುಗರು ಮ್ಯೂಟ್ ಮಾಡಿಬಿಟ್ಟರು.

ಉತ್ತರ: ರಫ್ ಕಟ್ ಹೊಡೆಯುವಾಗ ಸ್ಪಿಂಡಲ್ (ಟೂಲ್ ಹಿಡಿದು ತಿರುಗುವ ಭಾಗ) ನಡುಗಲೇಬೇಕು, ಅದಕ್ಕೆಲ್ಲ ಅಲಾರಂ ಹೊಡೆದರೆ ಯಾರು ತಾನೇ ನೋಡುತ್ತಾರೆ? ಬೆಳಿಗ್ಗೆ ವಾರ್ಮ್ ಅಪ್ ಹೊತ್ತಿನಲ್ಲಿ, ಕಟಿಂಗ್ ಇಲ್ಲದೆ, ದಿನಾ ಅದೇ ಆರ್‌ಪಿಎಂನಲ್ಲಿ, ಅದೇ ಟೂಲ್ ಹಾಕಿ ಬಂದ ರೀಡಿಂಗ್ ಮಾತ್ರ ಹೋಲಿಸಿ. ಕಂಪ್ರೆಸರ್‌ಗೂ ಹಾಗೆಯೇ. ಲೋಡ್‌ನಲ್ಲಿದ್ದಾಗಿನ (ಗಾಳಿ ಒತ್ತುತ್ತಿರುವಾಗಿನ) ರೀಡಿಂಗನ್ನು ಲೋಡ್ ರೀಡಿಂಗ್ ಜೊತೆಗೇ ನೋಡಬೇಕು, ಅನ್‌ಲೋಡ್ (ಗಾಳಿ ಒತ್ತದೆ ಸುಮ್ಮನೆ ತಿರುಗುವಾಗಿನ) ಜೊತೆ ಬೆರೆಸಿದರೆ ಗ್ರಾಫ್ ಏನೂ ಹೇಳುವುದಿಲ್ಲ. ಒಂದು ದಿನದ ಅಂಕಿ ನೋಡಿ ಗಾಬರಿಯಾಗಬೇಡಿ, ವಾರವಾರ ಏರುತ್ತಿದೆಯಾ ನೋಡಿ.

ಇನ್ನೊಂದು ಮಾತು, ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಮೆಸೇಜ್ ಯಾರ ಫೋನಿಗೆ ಬರಬೇಕು, ಅವರು ಮೊದಲು ಏನು ನೋಡಬೇಕು, ಮೆಷಿನ್ ನಿಲ್ಲಿಸುವ ಅಧಿಕಾರ ಅವರಿಗಿದೆಯಾ, ಆ ಬೇರಿಂಗ್ ಸ್ಟೋರ್‌ನಲ್ಲಿ ಇದೆಯಾ? ಇಷ್ಟನ್ನು ಸೆನ್ಸರ್ ತರುವ ಮೊದಲೇ ಬರೆದಿಡಿ. ನನ್ನ ಕೇಳಿದರೆ ಆ ಫೋನ್ ನಿಮ್ಮ ಫಿಟ್ಟರ್‌ದೇ ಆಗಿರಲಿ. ಅಲಾರಂ ಬಂದ ತಕ್ಷಣ ಗ್ರೀಸ್ ತುರುಕಬೇಡಿ ಅಂತಲೂ ಅವರಿಗೆ ಹೇಳಿ, ಗ್ರೀಸ್ ಜಾಸ್ತಿಯಾದರೂ ಬೇರಿಂಗ್ ಬಿಸಿಯಾಗುತ್ತದೆ.

ಮೊದಲ ಪ್ರಶ್ನೆಯವರು: ಹಾಗಾದರೆ ಕಂಪ್ರೆಸರ್‌ಗೆ ಮಾತ್ರ ಕೊಟೇಶನ್ ಕೇಳುತ್ತೇನೆ.

ಉತ್ತರ: ಕೇಳಿ. ಡೇಟಾ ಪೂರ್ತಿ ನಿಮ್ಮ ಕೈಗೆ ಕೊಡಬೇಕು ಅಂತ ಅದರಲ್ಲೇ ಬರೆಸಿಕೊಳ್ಳಿ. ಮೂರು ತಿಂಗಳ ರೀಡಿಂಗ್ ಆದ ಮೇಲೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.