ನವೆಂಬರ್‌ನಲ್ಲಿ ಕಾಂಬೋಡಿಯಾ: ಮಳೆ ಬಿಟ್ಟಿರುತ್ತಾ, ಹೋಗಬಹುದಾ?

ಕೇಳಿದವರು: ನವೆಂಬರ್ ಮೂರನೇ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಕಾಂಬೋಡಿಯಾಗೆ ಹೋಗೋಣ ಅಂತಿದ್ದೇನೆ. ಸಿಯೆಮ್ ರೀಪ್‌ನಲ್ಲಿ ಐದು ದಿನ, ಅಂಕೋರ್ ವಾಟ್ ಮುಖ್ಯ. ಮಳೆಗಾಲ ಅಷ್ಟರಲ್ಲಿ ಮುಗಿದಿರುತ್ತದಂತೆ. ಆದರೂ ಸ್ನೇಹಿತರೆಲ್ಲ "ರಿಸ್ಕ್ ಬೇಡ, ಜನವರಿಗೆ ಹೋಗು" ಅಂತಾರೆ. ಅಮ್ಮನಿಗೆ ಮಂಡಿ ನೋವು. ಅಪ್ಪ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಹೋಗಿ ಬಂದವರು ಹೇಳಿ.

ಮೈಸೂರಿನಿಂದ: ನವೆಂಬರ್‌ಗೇ ಹೋಗಿ. ನಾವು ಹೋಗಿದ್ದೂ ಆಗಲೇ, ಅಪ್ಪ ಅಮ್ಮನ ಜೊತೆಗೇ. ಐದು ದಿನದಲ್ಲಿ ಎರಡು ಸಲ ಮಳೆ ಬಂತು. ಎರಡೂ ಸಲ ಮಧ್ಯಾಹ್ನ ಅರ್ಧ ಗಂಟೆ ಜೋರಾಗಿ ಸುರಿದು ನಿಂತುಹೋಯಿತು. ಒಂದು ಕೊಡೆ ಸಾಕು, ರೇನ್‌ಕೋಟ್ ಸುಮ್ನೆ ಭಾರ.

ನಾನು ನವೆಂಬರ್ ಅನ್ನುವುದು ಮಳೆ ಇರುವುದಿಲ್ಲ ಅಂತಲ್ಲ, ನೀರು ಇನ್ನೂ ಇರುತ್ತದೆ ಅಂತ. ಊರಿನ ದಕ್ಷಿಣಕ್ಕೆ ತೊನ್ಲೆ ಸಾಪ್ ಸರೋವರ ಇದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ, ಸರೋವರದಿಂದ ಹೊರಗೆ ಹರಿಯುವ ನದಿ ಉಲ್ಟಾ ತಿರುಗಿ ನೀರನ್ನು ಒಳಗೇ ತಂದು ತುಂಬುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿ.ಮೀ. ಇರುವ ಸರೋವರ ಆಗ ನಾಲ್ಕೈದು ಪಟ್ಟು ಹರಡಿಕೊಂಡಿರುತ್ತದೆ. ನವೆಂಬರ್‌ನಲ್ಲಿ ಅದು ಇಳಿಯುವುದಕ್ಕೆ ಶುರು ಅಷ್ಟೇ.

ನಾವು ಕಂಪೊಂಗ್ ಪ್ಲುಕ್ ಅನ್ನುವ ಹಳ್ಳಿಗೆ ಹೋಗಿದ್ದೆವು. ಮನೆಗಳೆಲ್ಲ ಎತ್ತರದ ಕಂಬಗಳ ಮೇಲೆ. ಮೆಟ್ಟಿಲಲ್ಲಿ ಮೇಲಿನ ಮೂರ್ನಾಲ್ಕು ಹಲಗೆ ಮಾತ್ರ ಕಾಣುತ್ತಿತ್ತು, ಉಳಿದದ್ದು ನೀರಿನಲ್ಲಿ. ಒಬ್ಬಾಕೆ ಕೊನೇ ಹಲಗೆಯ ಮೇಲೆ ಕೂತು ಪಾತ್ರೆ ಬೆಳಗುತ್ತಿದ್ದರು. ಆಮೇಲೆ ಚಿಕ್ಕ ದೋಣಿಯಲ್ಲಿ ಮುಳುಗಿದ ಕಾಡಿನೊಳಗೆ ಕರೆದುಕೊಂಡು ಹೋದರು. ಮರದ ನೆತ್ತಿಯ ಕೊಂಬೆಗಳು ನಮ್ಮ ಭುಜಕ್ಕೆ ತಾಗುತ್ತಿದ್ದವು. ನಮ್ಮ ಭಾವ ಇದೇ ಹಳ್ಳಿಗೆ ಮಾರ್ಚ್‌ನಲ್ಲಿ ಹೋಗಿದ್ದರು. ಅವರ ಫೋಟೋದಲ್ಲಿ ಮನೆಗಳ ಕೆಳಗೆ ಬರೀ ಧೂಳು, ಹುಡುಗರು ಅಲ್ಲೇ ಆಡುತ್ತಿದ್ದಾರೆ. ದೋಣಿಗೆ ದುಡ್ಡು ಕೊಟ್ಟು ಕೆಸರಿನ ಕಾಲುವೆ ನೋಡಿ ಬಂದೆ ಅಂತ ಇನ್ನೂ ಗೊಣಗುತ್ತಾರೆ.

ಅಮ್ಮನ ಮಂಡಿ ವಿಷಯ. ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಹತ್ತುವ ಮೆಟ್ಟಿಲು ಏಣಿ ಥರ ಕಡಿದು. ನಮ್ಮಮ್ಮ ಹತ್ತಲಿಲ್ಲ, ನಷ್ಟವೇನೂ ಆಗಲಿಲ್ಲ. ಪೂರ್ವದ ಮೊಗಸಾಲೆಯಲ್ಲಿ ಸಮುದ್ರ ಮಥನದ ಉಬ್ಬುಶಿಲ್ಪ ಇದೆ, 49 ಮೀಟರ್ ಉದ್ದ. ನಡುವೆ ವಿಷ್ಣು, ಕೆಳಗೆ ಆಮೆ, ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು. ಹಾವಿನ ಬಾಲ ಹಿಡಿದವರ ಜೊತೆ ಒಂದು ಕಪಿಯೂ ನಿಂತಿದೆ. ಹನುಮಂತ ಅಂತಾರೆ. "ಮಥನಕ್ಕೆ ಹನುಮಂತ ಹೇಗೆ ಬಂದ?" ಅಂತ ಅಪ್ಪ ಗೈಡ್ ಜೊತೆ ವಾದಕ್ಕೆ ಇಳಿದರು. ಮುಕ್ಕಾಲು ಗಂಟೆ ಅಲ್ಲೇ ಕಳೆಯಿತು. ಅಷ್ಟೂ ಹೊತ್ತು ಅಮ್ಮನಿಗೆ ನೆರಳಲ್ಲಿ ಆರಾಮ.

ಹಾಸನದಿಂದ: ಮಂಡಿ ನೋವಿದ್ದರೆ ಬಂಟೇಯ್ ಸ್ರೇ ಬಿಡಬೇಡಿ. ಸ್ವಲ್ಪ ದೂರ, ಆದರೆ ಹತ್ತುವುದು ಏನೂ ಇಲ್ಲ, ಗುಡಿಯೇ ಪುಟ್ಟದು. 967ರಲ್ಲಿ ಪ್ರತಿಷ್ಠೆ ಆದದ್ದು, ನಸುಗೆಂಪು ಕಲ್ಲು. ರಾವಣ ಕೈಲಾಸ ಅಲ್ಲಾಡಿಸುವ ಶಿಲ್ಪ ನೋಡಿದ ತಕ್ಷಣ ನನಗೆ ಹಳೇಬೀಡಿನ ಗೋಡೆ ನೆನಪಾಯಿತು. ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆ ಮೇಲೆ ಬಿಸಿಲೂ ಜನವೂ ಜಾಸ್ತಿ. ನವೆಂಬರ್ ಅಂದರೆ ತಂಪು ಅಂದುಕೊಳ್ಳಬೇಡಿ, ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ, ಬೆವರು ಸುರಿಯುತ್ತದೆ. ಸೊಳ್ಳೆಯೂ ಇದೆ.

ಸಿಂಗಾಪುರದಿಂದ: ದುಡ್ಡಿನ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲಿ ಡಾಲರ್ ನಡೆಯುತ್ತದೆ, ಆದರೆ ನೋಟು ಹೊಸದಾಗಿರಬೇಕು. ನನ್ನ 20 ಡಾಲರ್ ನೋಟಿನ ಅಂಚು ಉಗುರಿನಷ್ಟು ಹರಿದಿತ್ತು. ಹೋಟೆಲ್, ಅಂಗಡಿ, ಟುಕ್‌ಟುಕ್, ಯಾರೂ ಮುಟ್ಟಲಿಲ್ಲ, ವಾಪಸ್ ತಂದೆ. ಒಂದು ಡಾಲರ್ ನೋಟು ಜಾಸ್ತಿ ಇಟ್ಟುಕೊಳ್ಳಿ. ಚಿಲ್ಲರೆ ರಿಯೆಲ್‌ನಲ್ಲಿ ಕೊಡುತ್ತಾರೆ, ಡಾಲರ್‌ಗೆ ಸುಮಾರು 4,000. ಅಂಕೋರ್ ಪಾಸ್ ನಾನು ತೆಗೆದುಕೊಂಡಾಗ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತೆಗೆದುಕೊಳ್ಳಿ, ದಿನ ಬಿಟ್ಟು ದಿನ ಬಳಸಬಹುದು, ಅಮ್ಮನಿಗೆ ನಡುವೆ ವಿಶ್ರಾಂತಿ ಸಿಗುತ್ತದೆ.

ಇನ್ನೆರಡು ಮಾತು. ಬ್ಯಾಂಕಾಕ್‌ನಿಂದ ಬಸ್ಸಲ್ಲಿ ಗಡಿ ದಾಟುವ ಐಡಿಯಾ ಇದ್ದರೆ ಬಿಡಿ. 2025ರಲ್ಲಿ ಎರಡು ದೇಶಗಳ ನಡುವೆ ಗುಂಡು ಹಾರಿ ಗಡಿ ಮುಚ್ಚಿದ್ದರು. ವಿಮಾನದಲ್ಲೇ ಹೋಗಿ. 2023ರಲ್ಲಿ ಶುರುವಾದ ಹೊಸ ಏರ್‌ಪೋರ್ಟ್ ಊರಿಂದ ಒಂದು ಗಂಟೆ ದೂರ, ಗಾಡಿ ಮೊದಲೇ ಹೇಳಿಡಿ. ಎರಡನೆಯದು, ಟಿಕೆಟ್‌ಗೆ ಮುಂಚೆ ಪಂಚಾಂಗ ನೋಡಿ. ಕಾರ್ತಿಕ ಹುಣ್ಣಿಮೆಗೆ ಅವರ ನೀರಿನ ಹಬ್ಬ, ಬೊನ್ ಓಮ್ ತೂಕ್. ನದಿ ಮತ್ತೆ ಸರಿ ದಿಕ್ಕಿಗೆ ತಿರುಗುವ ಕಾಲದ ಹಬ್ಬ, ಮೂರು ದಿನ ರಜೆ. ನಾಮ್ ಪೆನ್‌ನಲ್ಲಿ ದೋಣಿ ಓಟ ನೋಡಲು ಇಡೀ ದೇಶವೇ ಬಂದಿರುತ್ತದೆ. ಅಪ್ಪ ಅಮ್ಮನ ಜೊತೆ ಆ ನೂಕುನುಗ್ಗಲು ಬೇಡ.

ಶಿರಸಿಯಿಂದ: ಅಪ್ಪನ ಊಟದ ಕಥೆ ಕೇಳಿ. ತರಕಾರಿ ಪಲ್ಯ ಅಂತ ಕೊಟ್ಟರೂ ಅದರಲ್ಲಿ ಮೀನಿನ ಸಾಸ್ ಇರುತ್ತದೆ. ಅವರಿಗೆ ಅದು ಉಪ್ಪು ಇದ್ದ ಹಾಗೆ, ಮಾಂಸ ಅಂತ ಲೆಕ್ಕವೇ ಇಲ್ಲ. "ವೆಜಿಟೇರಿಯನ್" ಅಂದರೆ ಸಾಲದು, "ತಕ್ ತ್ರೈ" ಬೇಡ ಅಂತ ಆ ಹೆಸರು ಹಿಡಿದೇ ಹೇಳಿ. ಊರಲ್ಲಿ ಇಂಡಿಯನ್ ಹೋಟೆಲ್‌ಗಳು ಬೇಕಾದಷ್ಟಿವೆ, ರಾತ್ರಿಗೆ ಚಿಂತೆ ಇಲ್ಲ. ಹಗಲು ಗುಡಿ ಸುತ್ತುವಾಗಲೇ ಕಷ್ಟ. ರಸ್ತೆ ಬದಿಯಲ್ಲಿ ಕ್ರಲಾನ್ ಮಾರುತ್ತಾರೆ. ಅಂಟು ಅಕ್ಕಿ, ಕಾಯಿಹಾಲು, ಕಾಳು ಸೇರಿಸಿ ಬಿದಿರಿನಲ್ಲಿ ತುಂಬಿ ಕೆಂಡದಲ್ಲಿ ಸುಟ್ಟಿದ್ದು. ಸುಟ್ಟ ಸಿಪ್ಪೆಯನ್ನು ಮೊದಲೇ ಹೆರೆದಿರುತ್ತಾರೆ, ಬಾಳೆಹಣ್ಣಿನ ಥರ ಸುಲಿದು ತಿನ್ನುವುದು. ನಮ್ಮ ಮಾವ ದಿನಕ್ಕೆ ಎರಡು ತಿಂದರು. ಬಂಟೇಯ್ ಸ್ರೇ ದಾರಿಯಲ್ಲಿ ತಾಳೆ ಬೆಲ್ಲವೂ ಸಿಗುತ್ತದೆ, ಗರಿಯಲ್ಲಿ ಸುತ್ತಿ ಕೊಡುತ್ತಾರೆ. ಉಪ್ಪಿನಕಾಯಿ ನಾನು ಹೇಳದಿದ್ದರೂ ಒಯ್ಯುತ್ತೀರಿ, ಅಲ್ವಾ?

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನವೆಂಬರ್‌ಗೇ ಬುಕ್ ಮಾಡ್ತೀನಿ, ಹುಣ್ಣಿಮೆ ತಪ್ಪಿಸಿ. ಅಮ್ಮನದು ಒಂದೇ ಪ್ರಶ್ನೆ: ಸೀರೆ ಉಟ್ಟು ಓಡಾಡಬಹುದಾ?

ಮೈಸೂರಿನಿಂದ: ಧಾರಾಳವಾಗಿ. ಗುಡಿಗಳಲ್ಲಿ ಭುಜ, ಮಂಡಿ ಮುಚ್ಚಿರಬೇಕು ಅನ್ನುವ ನಿಯಮ, ತೋಳಿರುವ ರವಿಕೆ ಇದ್ದರೆ ಸೀರೆಗೆ ಏನೂ ಅಡ್ಡಿಯಿಲ್ಲ. ಚಡ್ಡಿ ಹಾಕಿದ್ದ ನನ್ನನ್ನೇ ಮೇಲೆ ಬಿಡಲಿಲ್ಲ. ನಮ್ಮಮ್ಮ ಐದೂ ದಿನ ಕಾಟನ್ ಸೀರೆಯಲ್ಲೇ ಇದ್ದರು. ದೋಣಿ ಹತ್ತುವಾಗ ಮಾತ್ರ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.