ಗದಗಿನ ಹಿತ್ತಾಳೆ ಬಣ್ಣದ ಹರಳು ಆಯಸ್ಕಾಂತಕ್ಕೆ ಎಳೆಯುತ್ತಿದೆ, ಪೈರೈಟ್ ಅಲ್ವಾ?

ಮುಳಗುಂದನಾಕಾ:
ಎಲ್ಲರಿಗೂ ನಮಸ್ಕಾರ. ನಮ್ಮ ಅಜ್ಜ ಗದಗ ಸೀಮೆಯ ಹಳೇ ಗಣಿಗಳ ಕಡೆಯಿಂದ ತಂದಿಟ್ಟ ಕಲ್ಲುಗಳಲ್ಲಿ ಒಂದು ಹರಳಿದೆ. ದಾಳದಂತೆ ಚೌಕ, ಮೈಮೇಲೆ ಸಣ್ಣ ಗೆರೆ, ಹಿತ್ತಾಳೆ ಹೊಳಪು. ನೋಡಲು ಪಕ್ಕಾ ಪೈರೈಟ್ (ಕಬ್ಬಿಣ-ಗಂಧಕದ ಖನಿಜ). ಆದರೆ ದಾರಕ್ಕೆ ಕಟ್ಟಿ ನಿಯೋಡಿಮಿಯಂ ಅನ್ನುವ ಬಲವಾದ ಆಯಸ್ಕಾಂತ ಹಿಡಿದರೆ ಗಿರ್ರನೆ ತಿರುಗಿ ಹತ್ತಿರ ಬರುತ್ತದೆ. ಪೈರೈಟ್ ಹೀಗೆ ಮಾಡಬಾರದು ಅಲ್ವಾ?

ಧಾರವಾಡದ_ಕಲ್ಲು:
ಮಾಡಬಾರದು, ನಿಜ. ಪೈರೈಟ್‌ನಲ್ಲಿ ಕಬ್ಬಿಣವಿದೆ, ಆದರೆ ಅದರ ಎಲೆಕ್ಟ್ರಾನುಗಳೆಲ್ಲ ಜೋಡಿಯಾಗಿ ಕೂತಿವೆ. ಒಂಟಿ ಎಲೆಕ್ಟ್ರಾನ್ ಇಲ್ಲದಿದ್ದರೆ ಕೈಗೆ ಗೊತ್ತಾಗುವಷ್ಟು ಸೆಳೆತ ಬರುವುದಿಲ್ಲ. ಹರಳು ಬಿಡಿಯಾಗಿದೆಯೋ, ಬುಡದಲ್ಲಿ ಕಲ್ಲು ಅಂಟಿದೆಯೋ? ಕಟ್ಟಿದ್ದು ಬರೀ ದಾರವೋ, ತಂತಿ ಏನಾದರೂ ಇದೆಯೋ?

ಮುಳಗುಂದನಾಕಾ:
ಬರೀ ಹತ್ತಿ ದಾರ ಸರ್. ಬುಡದಲ್ಲಿ ಒಂದು ಚೂರು ಕಲ್ಲಿದೆ, ಅದರಲ್ಲಿ ಕಪ್ಪಗಿನ ಪಟ್ಟಿ.

ಧಾರವಾಡದ_ಕಲ್ಲು:
ನನಗೆ ಅನುಮಾನ ಆ ಪಟ್ಟಿಯ ಮೇಲೆ. ಇಡೀ ಕಲ್ಲನ್ನು ದಾರಕ್ಕೆ ತೂಗುಹಾಕಿದರೆ ಎಳೆಯುವ ಭಾಗ ಯಾವುದು ಅಂತ ತಿಳಿಯುವುದೇ ಇಲ್ಲ. ಅದಲುಬದಲು ಮಾಡಿ. ಕಲ್ಲನ್ನು ಮರದ ಟೇಬಲ್ ಮೇಲೆ ಅಲುಗದಂತೆ ಇಡಿ, ಚಿಕ್ಕ ಆಯಸ್ಕಾಂತವನ್ನು ದಾರದಲ್ಲಿ ಇಳಿಬಿಡಿ. ಫ್ಯಾನ್ ಬಂದ್ ಮಾಡಿ. ಮೊದಲು ಹರಳಿನ ಒಂದೊಂದು ಮುಖದ ಹತ್ತಿರ ತನ್ನಿ, ಆಮೇಲೆ ಪಟ್ಟಿಯ ಹತ್ತಿರ. ಆಯಸ್ಕಾಂತ ತನ್ನಷ್ಟಕ್ಕೆ ಉತ್ತರ-ದಕ್ಷಿಣಕ್ಕೆ ತಿರುಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಕ್ಕಕ್ಕೆ ವಾಲಿದರೆ ಮಾತ್ರ ಸೆಳೆತ.

ಪಟ್ಟಿ ಎಳೆದರೆ ಅದು ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಅದಿರು) ಇರಬಹುದು, ಪಿರೊಟೈಟ್ ಕೂಡ ಇರಬಹುದು. ಪಿರೊಟೈಟ್ ನನಗೆ ಬಹಳ ಇಷ್ಟದ ಖನಿಜ. ಅದೂ ಕಬ್ಬಿಣ-ಗಂಧಕದ್ದೇ. ಆದರೆ ಹರಳಿನೊಳಗೆ ಕೆಲವು ಕಬ್ಬಿಣದ ಜಾಗ ಖಾಲಿ. ಆ ಖಾಲಿ ಜಾಗಗಳು ಒಂದು ಪದರ ಬಿಟ್ಟು ಒಂದು ಪದರದಲ್ಲಿ ಸಾಲಾಗಿ ಕೂತಾಗ, ಎದುರುಬದುರಾದ ಪದರಗಳ ಬಲ ಸರಿಸಮ ಆಗುವುದಿಲ್ಲ. ಉಳಿದ ಬಲವೇ ನಿಮ್ಮ ಕೈಗೆ ಗೊತ್ತಾಗುವ ಎಳೆತ.

ಹುಬ್ಬಳ್ಳಿ_ಲ್ಯಾಬ್:
ಒಂದು ಮಾತು. ಪಿರೊಟೈಟ್ ಸುಮಾರು 320 ಡಿಗ್ರಿಗೆ, ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗೆ ಸೆಳೆತ ಕಳೆದುಕೊಳ್ಳುತ್ತವೆ. ಹಾಗಂತ ಗ್ಯಾಸ್ ಒಲೆ ಮೇಲೆ ಕಾಯಿಸಿ ನೋಡಬೇಡಿ. ಗದಗಿನ ಚಿನ್ನದ ಅದಿರಿನಲ್ಲಿ ಆರ್ಸೆನೊಪೈರೈಟ್ ಅನ್ನುವ ಆರ್ಸೆನಿಕ್ ಇರುವ ಖನಿಜ ಇರುತ್ತದೆ, ಕಾಯಿಸಿದರೆ ವಿಷಕಾರಿ ಆರ್ಸೆನಿಕ್ ಹೊಗೆ ಬರುತ್ತದೆ. ಅರೆದು ಪುಡಿ ಮಾಡುವುದೂ ಬೇಡ. ಮುಟ್ಟಿದ ಮೇಲೆ ಕೈ ತೊಳೆಯಿರಿ.

ಮುಳಗುಂದನಾಕಾ:
ಮಾಡಿದೆ ಸರ್. ಹರಳಿನ ಮುಖಗಳ ಹತ್ತಿರ ಆಯಸ್ಕಾಂತ ಒಂಚೂರೂ ವಾಲಲಿಲ್ಲ. ಪಟ್ಟಿಯ ಹತ್ತಿರ ಟಕ್ ಅಂತ ಅಂಟಿತು. ಭೂತಗನ್ನಡಿಯಲ್ಲಿ ಪಟ್ಟಿಯೊಳಗೆ ಕಂದು-ಕಂಚಿನ ಬಣ್ಣದ ಚುಕ್ಕೆಗಳು ಕಾಣುತ್ತವೆ.

ಧಾರವಾಡದ_ಕಲ್ಲು:
ಹಾಗಾದರೆ ಹರಳು ಪೈರೈಟೇ. ಕಂಚಿನ ಬಣ್ಣ ಅಂದರೆ ಪಟ್ಟಿಯಲ್ಲಿ ಪಿರೊಟೈಟ್ ಇರುವ ಸಂಭವ ಜಾಸ್ತಿ, ಜೊತೆಗೆ ಮ್ಯಾಗ್ನೆಟೈಟೂ ಇರಬಹುದು. ಖಚಿತವಾಗಬೇಕಾದರೆ ಎಕ್ಸ್‌ರೇ ಡಿಫ್ರಾಕ್ಷನ್ (ಎಕ್ಸ್‌ರೇ ಹಾಯಿಸಿ ಖನಿಜ ಗುರುತಿಸುವ ಪರೀಕ್ಷೆ) ಬೇಕು. ಇಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ಇನ್ನೊಂದು ತುಂಡು ಬೇಕು ಅಂತ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಮಾತ್ರ ಹೋಗಬೇಡಿ, 2019ರಿಂದ ಅದು ವನ್ಯಜೀವಿ ಧಾಮ.