ಎಸ್ಸಿಟಾಲೊಪ್ರಾಮ್ ನಿಲ್ಲಿಸಿದ ಮೇಲೆ ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತಿದೆ: ಕಾಯಿಲೆ ಮರಳಿತೋ, ಮಾತ್ರೆ ಬಿಟ್ಟದ್ದರ ಪರಿಣಾಮವೋ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಎರಡನೆಯ ಹೆರಿಗೆಯ ನಂತರ ಕಾಡಿದ ಖಿನ್ನತೆಗೆ ಮನೋವೈದ್ಯರು ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡೆ, ಅದರಿಂದ ನಿಜವಾಗಿಯೂ ಗುಣ ಕಂಡೆ. ಕಳೆದ ಸಲ ತೋರಿಸಲು ಹೋದಾಗ ಅವರು, ನೀವು ಬಹಳ ದಿನದಿಂದ ಚೆನ್ನಾಗಿದ್ದೀರಿ, ಎರಡು ವಾರ 5 ಮಿ.ಗ್ರಾಂ. ತೆಗೆದುಕೊಂಡು ಆಮೇಲೆ ನಿಲ್ಲಿಸಿಬಿಡಿ ಎಂದರು. ಹಾಗೆಯೇ ಮಾಡಿದೆ. ಐದಕ್ಕೆ ಇಳಿದಾಗ ಏನೂ ಅನ್ನಿಸಲಿಲ್ಲ. ಪೂರ್ತಿ ಬಿಟ್ಟ ಕೆಲವೇ ದಿನಗಳಲ್ಲಿ ತೊಂದರೆ ಶುರುವಾಯಿತು.

ಕಪ್ಪುಹಲಗೆಯಿಂದ ಮಕ್ಕಳ ಕಡೆಗೆ ಕಣ್ಣು ಹೊರಳಿಸಿದರೆ ಸಾಕು, ತಲೆಯೊಳಗೆ ಝುಮ್ಮೆಂದು ಕರೆಂಟ್ ಹೊಡೆದಂತಾಗಿ, ಬಿಡಿಸುತ್ತಿದ್ದ ಸಮೀಕರಣ ಎಲ್ಲಿಗೆ ಬಂದಿತ್ತು ಎಂಬುದೇ ಕ್ಷಣಕಾಲ ಮರೆತುಹೋಗುತ್ತದೆ. ರಾತ್ರಿಯಿಡೀ ವಿಚಿತ್ರ ಕನಸುಗಳು, ಬೆಳಗ್ಗೆ ವಾಕರಿಕೆ. ಮಗ ನೀರಿನ ಲೋಟ ಉರುಳಿಸಿದ್ದಕ್ಕೆ ಕಿರುಚಿ, ಆಮೇಲೆ ಅಡುಗೆಮನೆಗೆ ಹೋಗಿ ಅಳುವಂತಾಯಿತು. ನಮ್ಮತ್ತೆಯವರು "ಅದು ಚಟದ ಮಾತ್ರೆ, ಮೊದಲೇ ಹೇಳಿದ್ದೆ" ಎನ್ನುತ್ತಾರೆ. ಯಜಮಾನರಿಗೆ ಕಾಯಿಲೆಯೇ ಮತ್ತೆ ಬಂತೇನೋ ಎಂಬ ಆತಂಕ. ವೈದ್ಯರ ಮುಂದಿನ ಭೇಟಿಗೆ ಇನ್ನೂ ಒಂದು ತಿಂಗಳಿದೆ. ಇದು ಯಾವುದು? ಹಲ್ಲುಕಚ್ಚಿ ಸಹಿಸಬೇಕೆ, ಮನೆಯಲ್ಲಿ ಉಳಿದಿರುವ ಮಾತ್ರೆಯನ್ನು ಮತ್ತೆ ಶುರುಮಾಡಬೇಕೆ?

ನಿವೃತ್ತ ಮೇಷ್ಟ್ರು:

ತುಂಗಾತೀರ ಅವರೇ, ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಚಿಕಿತ್ಸೆ ಕೊಡುವವನಲ್ಲ. ಆದ್ದರಿಂದ ಮೊದಲ ಮಾತು, ಒಂದು ತಿಂಗಳು ಕಾಯಬೇಡಿ. ನಾಳೆಯೇ ವೈದ್ಯರಿಗೆ ಫೋನ್ ಮಾಡಿ, ಇಲ್ಲಿ ಬರೆದಿರುವುದನ್ನೇ ಓದಿ ಹೇಳಿ.

ನೀವು ವಿವರಿಸಿದ್ದು ಮಾತ್ರೆ ಬಿಟ್ಟಾಗ ಕಾಣಿಸುವ ಲಕ್ಷಣಗಳಿಗೆ ಬಹಳ ಮಟ್ಟಿಗೆ ಹೊಂದುತ್ತದೆ. ಹಾಗೆ ಹೇಳಲು ಮೂರು ಕಾರಣಗಳಿವೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನವಾಗಿ ಆವರಿಸುತ್ತದೆ. ನಿಮಗೆ ಬಿಟ್ಟ ಕೆಲವೇ ದಿನಗಳಲ್ಲಿ ಶುರುವಾಗಿದೆ. ಎರಡನೆಯದಾಗಿ, ಕಣ್ಣು ಹೊರಳಿಸಿದಾಗ ಶಾಕ್ ಹೊಡೆದಂತಾಗುವುದು, ತಲೆಸುತ್ತು, ವಾಕರಿಕೆ ಇವು ಖಿನ್ನತೆಯ ಲಕ್ಷಣಗಳಲ್ಲ. ಹೆರಿಗೆಯ ನಂತರ ನೀವು ಹಾಸಿಗೆ ಹಿಡಿದಾಗ ಇವು ಇದ್ದವೇ ಎಂದು ನೆನಪಿಸಿಕೊಂಡು ನೋಡಿ. ಮೂರನೆಯದಾಗಿ, ವೈದ್ಯರ ಸಲಹೆಯಂತೆ ಅದೇ ಔಷಧವನ್ನು ಮತ್ತೆ ಶುರುಮಾಡಿದರೆ ಈ ಬಗೆಯ ತೊಂದರೆ ಹೆಚ್ಚಾಗಿ ಕೆಲವೇ ದಿನಗಳಲ್ಲಿ ತಗ್ಗುತ್ತದೆ, ಆದರೆ ಖಿನ್ನತೆಗೆ ಇದೇ ಮಾತ್ರೆ ನಾಟಲು ವಾರಗಳು ಹಿಡಿಯುತ್ತವೆ. ಅಳು ಮತ್ತು ಸಿಟ್ಟು ಮಾತ್ರ ಎರಡರಲ್ಲೂ ಬರುವುದರಿಂದ, ಅವನ್ನಷ್ಟೇ ಹಿಡಿದುಕೊಂಡು ತೀರ್ಮಾನಿಸಲಾಗದು.

ಚಟದ ವಿಚಾರದಲ್ಲಿ ನಿಮ್ಮ ಅತ್ತೆಯವರಿಗೆ ಹೀಗೆ ಹೇಳಬಹುದು: ಚಟವಿದ್ದವರು ಮತ್ತೆ ಮತ್ತೆ ಹಂಬಲಿಸುತ್ತಾರೆ, ಇನ್ನೂ ಹೆಚ್ಚು ಬೇಕೆನ್ನುತ್ತಾರೆ. ನೀವು ಎರಡು ವರ್ಷ ಒಂದೇ ಮಾತ್ರೆಯಲ್ಲಿ ಇದ್ದವರು. ಆದರೆ ಚಟವಲ್ಲ ಎಂದ ಮಾತ್ರಕ್ಕೆ ದೇಹ ಅದಕ್ಕೆ ಹೊಂದಿಕೊಂಡಿಲ್ಲ ಎಂದೇನೂ ಅಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರಟೋನಿನ್ ಎಂಬ ರಾಸಾಯನಿಕವನ್ನು ನರಕೋಶದೊಳಕ್ಕೆ ವಾಪಸ್ಸು ಎಳೆದುಕೊಳ್ಳುವ ಸಾಗಣೆಪ್ರೋಟೀನುಗಳನ್ನು ಈ ಔಷಧ ತಡೆಹಿಡಿಯುತ್ತದೆ. ಮಿದುಳು ಆ ಸ್ಥಿತಿಗೆ ತನ್ನನ್ನು ಸರಿಹೊಂದಿಸಿಕೊಂಡಿರುತ್ತದೆ. ತಡೆ ತಟ್ಟನೆ ತೆಗೆದರೆ, ಮತ್ತೆ ಸರಿಹೊಂದಲು ಅದಕ್ಕೆ ಕಾಲ ಬೇಕು.

ಇನ್ನು ಐದಕ್ಕೆ ಇಳಿದಾಗ ಏನೂ ಆಗದೆ, ಐದರಿಂದ ಸೊನ್ನೆಗೆ ಇಳಿದಾಗ ಇಷ್ಟೆಲ್ಲ ಆದದ್ದೇಕೆ? ನೀವು ಗಣಿತದವರಾದ್ದರಿಂದ ಇದು ನಿಮಗೆ ಬೇಗ ಹಿಡಿಸುತ್ತದೆ. ಡೋಸಿಗೂ ಪರಿಣಾಮಕ್ಕೂ ಇರುವ ಸಂಬಂಧ ಸರಳರೇಖೆಯಲ್ಲ. ಆರಂಭದಲ್ಲಿ ಕಡಿದಾಗಿ ಏರಿ, ಮೇಲೆ ಹೋದಂತೆ ಬಾಗಿ ಚಪ್ಪಟೆಯಾಗುವ ವಕ್ರರೇಖೆ ಅದು. ಸಂಶೋಧಕರಾದ ಮಾರ್ಕ್ ಹೊರೊವಿಟ್ಸ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ, ಮಿದುಳಿನ ಪೆಟ್ ಸ್ಕ್ಯಾನ್ ಅಧ್ಯಯನಗಳ ಆಧಾರದ ಮೇಲೆ ಇದನ್ನು ವಿವರಿಸಿದರು. ಸಿಟಾಲೊಪ್ರಾಮ್ ಎಂಬ ಮೂಲ ಔಷಧದ 20 ಮಿ.ಗ್ರಾಂ. ಸುಮಾರು ಶೇ. 80ರಷ್ಟು ಸಾಗಣೆಪ್ರೋಟೀನುಗಳನ್ನು ಹಿಡಿದಿಡುತ್ತದೆ. 9 ಮಿ.ಗ್ರಾಂ. ಸುಮಾರು ಶೇ. 70, ಎರಡೂಕಾಲು ಮಿ.ಗ್ರಾಂ. ಹತ್ತಿರಹತ್ತಿರ ಶೇ. 40, ಇನ್ನು 0.8 ಮಿ.ಗ್ರಾಂ.ನಷ್ಟು ಚೂರು ಕೂಡ ಶೇ. 20! ಎಸ್ಸಿಟಾಲೊಪ್ರಾಮ್‌ಗೆ ಹೆಚ್ಚೂಕಡಿಮೆ ಇದರ ಅರ್ಧ ಡೋಸ್ ಎಂದು ಲೆಕ್ಕ ಹಾಕಿ. ಅಂದರೆ ಹತ್ತರಿಂದ ಐದಕ್ಕೆ ಬಂದಾಗ ನೀವು ಕಳೆದುಕೊಂಡದ್ದು ನೂರರಲ್ಲಿ ಸುಮಾರು ಹತ್ತು ಪಾಲು, ಐದರಿಂದ ಸೊನ್ನೆಗೆ ಬಂದಾಗ ಎಪ್ಪತ್ತರ ಆಸುಪಾಸು. ಮೇಲಿನ ಮೆಟ್ಟಿಲುಗಳೆಲ್ಲ ಗೇಣುದ್ದವಿದ್ದು, ಕೊನೆಯದೊಂದು ಆಳೆತ್ತರವಿರುವ ಕಲ್ಯಾಣಿಯಲ್ಲಿ ಇಳಿದಂತೆ. ಹಾಗಾಗಿ ಕೊನೆಯ ಹಂತವನ್ನೇ ಚಿಕ್ಕಚಿಕ್ಕದಾಗಿ ಒಡೆದುಕೊಳ್ಳಬೇಕಾಗುತ್ತದೆ. ಹೊರೊವಿಟ್ಸ್ ಅವರು ಸ್ವತಃ ಇದೇ ಎಸ್ಸಿಟಾಲೊಪ್ರಾಮ್ ಬಿಡಲು ಹೋಗಿ ಬಹಳ ಕಷ್ಟಪಟ್ಟವರು. ಅದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

ಕೊನೆಯದಾಗಿ, ಹಳೆಯ ಚೀಟಿಯನ್ನೂ ಖಾಲಿ ಸ್ಟ್ರಿಪ್ಪನ್ನೂ ಒಮ್ಮೆ ತೆಗೆದು ನೋಡಿ. ನಮ್ಮಲ್ಲಿ ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಾಜೆಪಾಮ್ ಬೆರೆಸಿದ ಮಾತ್ರೆಗಳು ಧಾರಾಳವಾಗಿ ಬಳಕೆಯಲ್ಲಿವೆ. ಹೆಸರಿನ ಮುಂದೆ ಸಣ್ಣದೊಂದು ಬಾಲ ಇರುವುದು ಬಿಟ್ಟರೆ ನೋಡಲು ಎರಡೂ ಒಂದೇ ತರಹ. ಕ್ಲೊನಾಜೆಪಾಮ್ ಆತಂಕ ತಗ್ಗಿಸುವ, ಬೇರೆಯೇ ವರ್ಗದ ಔಷಧ. ಬಹುಕಾಲ ತೆಗೆದುಕೊಂಡವರು ಅದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಅದೇನಾದರೂ ಇದ್ದರೆ ಫೋನು ನಾಳೆಗಲ್ಲ, ಇವತ್ತೇ.

ಲೀಡ್ಸ್ ಕನ್ನಡಿಗ:

ಮೇಷ್ಟ್ರು ಹೇಳಿದ್ದಕ್ಕೆ ಅನುಭವದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ನಾನು ತೆಗೆದುಕೊಳ್ಳುತ್ತಿದ್ದುದು ವೆನ್ಲಾಫ್ಯಾಕ್ಸಿನ್ ಎಂಬ ಇನ್ನೊಂದು ಖಿನ್ನತೆಯ ಔಷಧ. ಅದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ, ಐದು ಗಂಟೆಯ ಆಸುಪಾಸು, ದೇಹದಲ್ಲಿ ಅದರಿಂದಾಗುವ ಸಕ್ರಿಯ ರೂಪದ್ದು ಸುಮಾರು ಹನ್ನೊಂದು ಗಂಟೆ. ಬೆಳಗಿನ ಕ್ಯಾಪ್ಸೂಲ್ ಮರೆತರೆ ಸಂಜೆಯ ಹೊತ್ತಿಗೆ ನೆಲವೇ ವಾಲಿದಂತಾಗುತ್ತಿತ್ತು. ಎಸ್ಸಿಟಾಲೊಪ್ರಾಮ್‌ನ ಅರ್ಧಾಯುಷ್ಯ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ಫ್ಲುಯೊಕ್ಸೆಟಿನ್ ಎಂಬ ಮತ್ತೊಂದು ಖಿನ್ನತೆಯ ಔಷಧ ಮತ್ತು ಅದರ ಸಕ್ರಿಯ ರೂಪ ದೇಹದಿಂದ ಹೋಗಲು ವಾರಗಳೇ ಬೇಕು. ಆದ್ದರಿಂದ ಅದನ್ನು ಬಿಡುವವರಿಗೆ ತೊಂದರೆ ಕಡಿಮೆ, ಕಾಣಿಸಿದರೂ ತಡವಾಗಿ.

ಇಲ್ಲಿ ಬ್ರಿಟನ್ನಿನಲ್ಲೂ ಬಹಳ ಕಾಲ, ಇದೆಲ್ಲ ಸೌಮ್ಯವಾದದ್ದು, ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ ಎಂದೇ ಹೇಳುತ್ತಿದ್ದರು. 2019ರಲ್ಲಿ ಮನೋವೈದ್ಯರ ರಾಯಲ್ ಕಾಲೇಜು ತನ್ನ ನಿಲುವನ್ನು ಬದಲಿಸಿತು. ಇಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ, ಹಂತಹಂತವಾಗಿ, ಪ್ರತಿ ಹಂತದಲ್ಲಿ ಹಿಂದಿನ ಡೋಸಿನ ಇಂತಿಷ್ಟು ಪಾಲನ್ನಷ್ಟೇ ಕಡಿಮೆ ಮಾಡುತ್ತಾ ಹೋಗುವ ಕ್ರಮವನ್ನು ಹೇಳುತ್ತದೆ. ನಿಮ್ಮ ವೈದ್ಯರು ಕೊಟ್ಟ ಎರಡು ವಾರದ ಕ್ರಮ ಅಪರೂಪದ್ದೇನಲ್ಲ, ಬಹಳಷ್ಟು ಜನರಿಗೆ ಅದೇ ಸಾಕಾಗುತ್ತದೆ. ಆದ್ದರಿಂದ ಅವರ ಮೇಲೆ ಸಿಟ್ಟಾಗುವುದಕ್ಕಿಂತ, ನಿಮಗೆ ಅದು ಸಾಕಾಗಲಿಲ್ಲ ಎಂದು ತಿಳಿಸುವುದು ಮೇಲು.

ನನಗೆ ಉಪಯೋಗಕ್ಕೆ ಬಂದದ್ದು ಒಂದು ಸಾದಾ ನೋಟ್‌ಬುಕ್. ಪ್ರತಿ ರಾತ್ರಿ ಡೋಸ್ ಎಷ್ಟು, ನಿದ್ದೆ ಹೇಗೆ, ಶಾಕ್ ಹೊಡೆದಂತಾದದ್ದು ಹೆಚ್ಚೋ ಕಡಿಮೆಯೋ ಎಂದು ಒಂದೇ ಸಾಲು ಬರೆಯುತ್ತಿದ್ದೆ. ಕೆಟ್ಟ ದಿನಗಳಲ್ಲಿ ಮನಸ್ಸು "ಎಂದೂ ಹೀಗೆಯೇ" ಎಂದು ಸುಳ್ಳು ಹೇಳುತ್ತದೆ. ಹಿಂದಿನ ಪುಟ ತಿರುವಿದರೆ ಹಾಗಿರಲಿಲ್ಲ ಎಂದು ಗೊತ್ತಾಗುತ್ತದೆ. ವೈದ್ಯರ ಮುಂದೆ ಕುಳಿತಾಗಲೂ ಮಾತು ಸಲೀಸಾಗುತ್ತದೆ. ತಲೆಸುತ್ತು ಇರುವಷ್ಟು ದಿನ ಸ್ಕೂಟರ್ ಮುಟ್ಟಬೇಡಿ, ಶಾಲೆಗೆ ಬಸ್ಸಿನಲ್ಲೇ ಹೋಗಿ. ಇನ್ನೊಂದು, ಯಾರಾದರೂ ಅಶ್ವಗಂಧ, ಬ್ರಾಹ್ಮಿ ಎಂದು ಹೇಳಿಯೇ ಹೇಳುತ್ತಾರೆ. ಅದೇನಿದ್ದರೂ ವೈದ್ಯರ ಕಿವಿಗೆ ಹಾಕದೆ ಶುರುಮಾಡಬೇಡಿ. ಹಲವು ಬದಲಾವಣೆಗಳನ್ನು ಒಟ್ಟಿಗೆ ಮಾಡಿಕೊಂಡರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ವೆನ್ಲಾಫ್ಯಾಕ್ಸಿನ್ ತೆಗೆದುಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ: ನಿಧಾನವಾಗಿ ಬಿಡುಗಡೆಯಾಗುವ ಕ್ಯಾಪ್ಸೂಲಿನೊಳಗಿನ ಕಾಳುಗಳನ್ನು ಅಗಿಯಬಾರದು, ಪುಡಿ ಮಾಡಬಾರದು. ಡೋಸ್ ಪೂರ್ತಿ ಒಮ್ಮೆಗೇ ದೇಹಕ್ಕೆ ಸೇರಿಬಿಡುತ್ತದೆ.

ಹಾಸನದ ಓದುಗ:

ಮೇಲಿನವರು ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ಓದಿದ ಹೊಸಬರು ಹೆದರಿ, ಮಾತ್ರೆಯೇ ಬೇಡವೆಂದು ಕೂರಬಾರದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲೇ ಬಂದ ಒಂದು ವಿಶ್ಲೇಷಣೆ, 79 ಅಧ್ಯಯನಗಳ 21,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಔಷಧ ಬಿಟ್ಟವರಲ್ಲಿ ಸುಮಾರು ಶೇ. 31 ಮಂದಿಗೆ ಏನಾದರೊಂದು ಲಕ್ಷಣ ಕಂಡಿತು, ಔಷಧವೇ ಇಲ್ಲದ ತೋರಿಕೆಯ ಮಾತ್ರೆ ಬಿಟ್ಟವರಲ್ಲೂ ಶೇ. 17 ಮಂದಿಗೆ ಕಂಡಿತು! ತೀವ್ರ ಸ್ವರೂಪದ ತೊಂದರೆ ಆದದ್ದು ಸುಮಾರು 35 ಜನರಲ್ಲಿ ಒಬ್ಬರಿಗೆ. ಇವುಗಳಲ್ಲಿ ಬಹಳಷ್ಟು ಅಧ್ಯಯನಗಳು ಕೆಲವೇ ತಿಂಗಳು ಔಷಧ ತೆಗೆದುಕೊಂಡವರ ಮೇಲೆ ನಡೆದವು, ವರ್ಷಗಟ್ಟಲೆ ತೆಗೆದುಕೊಂಡವರಿಗೆ ಈ ಲೆಕ್ಕ ಒಪ್ಪುವುದಿಲ್ಲ ಎಂಬ ಆಕ್ಷೇಪವೂ ಇದೆ. ಆಕ್ಷೇಪ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ.

ಬಿಡಲೇಬೇಕೇ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. 2021ರಲ್ಲಿ ಪ್ರಕಟವಾದ ಆಂಟ್ಲರ್ ಎಂಬ ಇಂಗ್ಲೆಂಡಿನ ಪ್ರಯೋಗದಲ್ಲಿ, ದೀರ್ಘಕಾಲದಿಂದ ಔಷಧ ತೆಗೆದುಕೊಳ್ಳುತ್ತಾ ಈಗ ಚೆನ್ನಾಗಿರುವ, ಬಿಡುವ ಯೋಚನೆಯಲ್ಲಿದ್ದ 478 ಜನರನ್ನು ಎರಡು ಗುಂಪು ಮಾಡಿದರು. ಒಂದು ವರ್ಷದೊಳಗೆ, ಔಷಧ ಬಿಟ್ಟವರಲ್ಲಿ ಶೇ. 56 ಮಂದಿಗೆ ಖಿನ್ನತೆ ಮರುಕಳಿಸಿತು, ಮುಂದುವರಿಸಿದವರಲ್ಲಿ ಶೇ. 39 ಮಂದಿಗೆ. ಬಿಟ್ಟವರಲ್ಲಿ ಶೇ. 44 ಮಂದಿ ಚೆನ್ನಾಗಿಯೇ ಉಳಿದರು ಎಂದೂ ಇದನ್ನು ಓದಬಹುದು, ಮುಂದುವರಿಸಿದರೂ ಪೂರ್ತಿ ರಕ್ಷಣೆಯಿಲ್ಲ ಎಂದೂ ಓದಬಹುದು. ನನಗೆ ಖಿನ್ನತೆ ಮೂರು ಸಲ ಬಂದಿದೆ. ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಾ ತೋಟ ನೋಡಿಕೊಂಡು ನೆಮ್ಮದಿಯಾಗಿದ್ದೇನೆ, ಸದ್ಯಕ್ಕೆ ಬಿಡುವ ವಿಚಾರವಿಲ್ಲ. ನಿಮಗೆ ಹೆರಿಗೆಯ ನಂತರ ಬಂದದ್ದು ಮೊದಲ ಸಲವೇ ಆಗಿದ್ದರೆ ನಿಮ್ಮ ಲೆಕ್ಕಾಚಾರ ಬೇರೆ.

ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸಿ ಬಹಳ ದಿನವಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಸುಸ್ತು, ಎದೆಬಡಿತ, ಅಳು ಅದರಿಂದಲೂ ಬರುತ್ತವೆ. ಇದರ ನಡುವೆ ಸಾಯುವ ಯೋಚನೆ ಬಂದರೆ, ಕುಳಿತಲ್ಲಿ ಕೂರಲಾಗದಷ್ಟು ಚಡಪಡಿಕೆಯಾದರೆ, ಅಥವಾ ನಿದ್ದೆಯೇ ಇಲ್ಲದೆ ಅತಿ ಹುಮ್ಮಸ್ಸು ಕಂಡರೆ ಭೇಟಿಯ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ. ಈ ಮಾತನ್ನು ಯಜಮಾನರಿಗೂ ತಿಳಿಸಿಡಿ. ಬದಲಾವಣೆ ಮೊದಲು ಕಾಣುವುದು ಮನೆಯವರಿಗೆ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಸ್ಟ್ರಿಪ್ ನೋಡಿದೆ, ಅದರಲ್ಲಿ ಎಸ್ಸಿಟಾಲೊಪ್ರಾಮ್ ಮಾತ್ರವಿದೆ, ಮತ್ತೇನೂ ಬೆರೆತಿಲ್ಲ. ಮರುದಿನ ವೈದ್ಯರಿಗೆ ಫೋನ್ ಮಾಡಿದೆ. ನಾನು ಅಂದುಕೊಂಡದ್ದಕ್ಕಿಂತ ಸಮಾಧಾನದಿಂದ ಕೇಳಿಸಿಕೊಂಡರು. ಕಣ್ಣು ಹೊರಳಿಸಿದಾಗ ಆಗುವುದನ್ನು ಹೇಳುತ್ತಿದ್ದಂತೆಯೇ, ಇದು ಬಿಟ್ಟದ್ದರ ಪರಿಣಾಮವೇ ಇರಬೇಕು ಎಂದು, 5 ಮಿ.ಗ್ರಾಂ. ಮತ್ತೆ ಶುರುಮಾಡಲು ಹೇಳಿದರು. ಆ ವಾರ ಮುಗಿಯುವಷ್ಟರಲ್ಲಿ ಶಾಕ್ ಹೊಡೆದಂತಾಗುವುದು ಬಹಳ ಕಡಿಮೆಯಾಯಿತು, ವಾಕರಿಕೆ ನಿಂತಿತು. ಕನಸುಗಳು ಇನ್ನೂ ಇವೆ. ಥೈರಾಯ್ಡ್ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೌಲ್ಯಮಾಪನ ಎಲ್ಲ ಮುಗಿಯುವವರೆಗೆ ಏನನ್ನೂ ಬದಲಿಸುವುದು ಬೇಡ ಎಂದಿದ್ದಾರೆ. ಬೇಸಿಗೆ ರಜೆಯಲ್ಲಿ, ಔಷಧ ಅಂಗಡಿಯಲ್ಲಿ ಸಿಗುವ ಮಾತ್ರೆ ಕತ್ತರಿಸುವ ಸಾಧನದಿಂದ 5 ಮಿ.ಗ್ರಾಂ. ಮಾತ್ರೆಯನ್ನು ಅರ್ಧ ಮಾಡಿ ಕೆಲವು ವಾರ, ತೊಂದರೆಯಾಗದಿದ್ದರೆ ಕಾಲು ಭಾಗ, ಹೀಗೆ ಒಂದೊಂದು ಹಂತಕ್ಕೂ ಫೋನ್ ಮಾಡಿ ಇಳಿಯುವುದು ಎಂದಾಗಿದೆ. ಅದಕ್ಕಿಂತ ಕೆಳಗೆ ಹೋಗಬೇಕಾದರೆ ದ್ರವರೂಪ ಸಿಗುತ್ತದೆಯೇ ವಿಚಾರಿಸೋಣ ಎಂದರು. ಅತ್ತೆಯವರಿಗೆ ಮೇಷ್ಟ್ರ ಉತ್ತರವನ್ನು ಓದಿ ಹೇಳಿದೆ. ಒಪ್ಪಿದರೆಂದು ಹೇಳಲಾರೆ, ಆದರೆ ಮಾತ್ರೆಯ ಡಬ್ಬಿಯನ್ನು ಈಗ ಅವರೇ ಊಟದ ಬಟ್ಟಲಿನ ಪಕ್ಕ ಇಡುತ್ತಿದ್ದಾರೆ.

ಒಂದು ಅನುಮಾನ ಉಳಿದಿದೆ. ಮಾತ್ರೆ ಕತ್ತರಿಸುವ ಬದಲು ದಿನ ಬಿಟ್ಟು ದಿನ ತೆಗೆದುಕೊಂಡರೆ ಆಗುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು.

ನಿವೃತ್ತ ಮೇಷ್ಟ್ರು:

ಎಸ್ಸಿಟಾಲೊಪ್ರಾಮ್‌ನಲ್ಲಿ ಅದು ಒಳ್ಳೆಯ ದಾರಿಯಲ್ಲ. ಅರ್ಧಾಯುಷ್ಯ ಮೂವತ್ತು ಗಂಟೆಯ ಆಸುಪಾಸು ಇರುವುದರಿಂದ, ಒಂದು ದಿನ ಬಿಟ್ಟರೆ ಮುಂದಿನ ಮಾತ್ರೆಯ ಹೊತ್ತಿಗೆ ರಕ್ತದಲ್ಲಿರುವ ಪ್ರಮಾಣ ಮೂರನೆಯ ಒಂದು ಭಾಗಕ್ಕೆ ಕುಸಿದಿರುತ್ತದೆ, ಮಾತ್ರೆ ನುಂಗಿದೊಡನೆ ಮತ್ತೆ ಏರುತ್ತದೆ. ಇಳಿಸುವ ಬದಲು ದಿನವೂ ಏರಿಳಿತಕ್ಕೆ ಸಿಕ್ಕಂತಾಗುತ್ತದೆ. ಫ್ಲುಯೊಕ್ಸೆಟಿನ್‌ನಂತಹ ದೀರ್ಘಾಯುಷಿಗಳಿಗೆ ಮಾತ್ರ ದಿನ ಬಿಟ್ಟು ದಿನದ ಕ್ರಮ ಹೊಂದೀತು. ಕಾಲು ತುಂಡುಗಳು ಒಂದೇ ಅಳತೆಗೆ ಬರುವುದಿಲ್ಲವೆಂದು ಕೊರಗಬೇಡಿ, ಒಂದು ಮಾತ್ರೆಯ ನಾಲ್ಕೂ ತುಂಡುಗಳನ್ನು ಅನುಕ್ರಮವಾಗಿ ಮುಗಿಸಿಯೇ ಇನ್ನೊಂದನ್ನು ಕತ್ತರಿಸಿ. ಕತ್ತರಿಸಿದ್ದನ್ನು ತೇವ ತಾಗದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದಂತೆ ಇಡಿ.